ಕೋಮಲಾ ಮೇಡಂ ಮೇಲಿನ ದೂರು

ಬೇರಿಕೆ
ಶನಿವಾರ

ಪ್ರಾಂಶುಪಾಲರಾದ ಜಯರಾಮಯ್ಯನವರಿಗೆ ಮುನಿತಾಯಮ್ಮನ ನಮಸ್ಕಾರ.

ಗಣಿತದ ಕೋಮಲಾ ಮೇಡಂ ಮೇಲೆ ಹೋದ ವಾರ ದೂರು ಬರೆದವಳು ನಾನು. ಇಂಗ್ಲಿಷಿನಲ್ಲಿ ಪಾಠ ಮುಗಿಸಿದ ಮೇಲೆ ಮಕ್ಕಳನ್ನು ಜೋಡಿಯಾಗಿ ಕೂರಿಸಿ, ಅವರವರ ಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡಲು ಬಿಡುತ್ತಾರೆ, ಹೊತ್ತು ಹಾಳು ಎಂದು ಬರೆದಿದ್ದೆ. ನನ್ನ ಮೊಮ್ಮಗಳು ಯಶಸ್ವಿನಿಯನ್ನು ಮೊದಲ ಬೆಂಚಿನಿಂದ ಎಬ್ಬಿಸಿ ಕಾಡಿನ ಕಡೆಯ ನಾಟ್ರಾಂಪಾಳ್ಯದಿಂದ ಬಂದು ಹಾಸ್ಟೆಲಿನಲ್ಲಿರುವ ಮಾದೇವಿಯ ಪಕ್ಕ ಕೂರಿಸಿದ್ದು ನನಗೆ ಸಹಿಸಲಾಗಲಿಲ್ಲ. ಅದನ್ನು ಮಾತ್ರ ಬರೆಯಲಿಲ್ಲ.

ಬರುವ ಸೋಮವಾರದಿಂದ ಮೇಡಂಗೆ ಆ ತರಗತಿ ಇಲ್ಲವೆಂದು ತಿಳಿಯಿತು.

ನಿನ್ನೆ ಸಂಜೆ ಮಾದೇವಿ ಓದಲು ನಮ್ಮ ಮನೆಗೆ ಬಂದಿದ್ದಳು. ಅವರಿಬ್ಬರ ಮಾತು ನನ್ನ ಕಿವಿಗೆ ಬಿತ್ತು.

"ಒಂದ್ ಸಾಲೂ ಅರ್ಥ ಆಗ್ದೆ ಎಲ್ಲಾ ಬಾಯಿಪಾಠ ಮಾಡ್ಬುಟ್ಟಿದ್ದೀಯಲ್ಲೇ! ಇನ್ನೊಂದ್ಸಲ ಹೇಳ್ತೀನಿ, ನೋಡು."

"ಮೆಲ್ಲಗೆ ಹೇಳೇ, ನಮ್ಮಜ್ಜಿ ಅವ್ಳೆ. ನಾನು ಎರಡು ಟೆಸ್ಟಲ್ಲೂ ಫೇಲಾಗಿರೋದು ಅವ್ಳಿಗೆ ಗೊತ್ತಿಲ್ಲ."

ಆಮೇಲೆ ಕೂರಿಸಿಕೊಂಡು ಕೇಳಿದಾಗ ಯಶಸ್ವಿನಿ ಎಲ್ಲ ಹೇಳಿದಳು. ಮಾದೇವಿಯ ಪಕ್ಕ ಕೂರಿಸಿ ಎಂದು ಮೇಡಂ ಹತ್ತಿರ ಬೇಡಿಕೊಂಡವಳು ನನ್ನ ಮೊಮ್ಮಗಳೇ. ನೀವು ಕರೆಸಿ ಕೇಳಿದಾಗಲೂ ಮೇಡಂ ಇದನ್ನು ಬಾಯಿಬಿಡಲಿಲ್ಲವಂತೆ. ನಮ್ಮ ಹುಡುಗಿಯ ಮಾನ ಕಾಯ್ದರು.

ಆಡಿದ ಮಾತನ್ನು ನಾನು ಈವರೆಗೆ ಹಿಂದಕ್ಕೆ ತೆಗೆದುಕೊಂಡವಳಲ್ಲ. ಈ ದೂರನ್ನು ತೆಗೆದುಕೊಳ್ಳುತ್ತಿದ್ದೇನೆ. ಸೋಮವಾರ ಆ ತರಗತಿಗೆ ಕೋಮಲಾ ಮೇಡಂ ಅವರನ್ನೇ ಕಳುಹಿಸಿ. ಹೊತ್ತು ಸಾಲದಿದ್ದರೆ ವಾರಕ್ಕೆ ಇನ್ನೊಂದು ಪೀರಿಯಡ್ ಕೊಡಿ.

ನನ್ನ ಸಹಿ ನೋಡಿಯೇ ಊರಿನ ಏಳು ಮನೆಯವರು ದೂರಿಗೆ ಸಹಿ ಹಾಕಿದ್ದರು. ಅವರಿಗೆ ನೀವೇನೂ ಹೇಳಬೇಕಿಲ್ಲ. ಈ ಕಾಗದ ಮುಗಿಸಿ ಏಳು ಮನೆಗೂ ನಾನೇ ಹೋಗುತ್ತಿದ್ದೇನೆ. ಯಶಸ್ವಿನಿ ಜೊತೆಗೆ ಬರುತ್ತೇನೆ ಎಂದಳು. ಕೂತು ಓದಿಕೊ ಎಂದೆ.

ಇಂತಿ,
ಮುನಿತಾಯಮ್ಮ