ಪ್ರಕರಣ ಹದಿನೇಳರ ಅಡಿಬರಹ

ಮಂಗಳವಾರ, ಹದಿನಾಲ್ಕನೇ ತಾರೀಖು
ಬೆಳಗ್ಗೆ ಹತ್ತೂಕಾಲು

ಎಕೋ ಮೇಷ್ಟ್ರಿಗೆ ನಮಸ್ಕಾರ.

ಮೂರು ವರ್ಷಗಳಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕೆಲಸದ ವಿಷಯಕ್ಕೇ ಬರೆಯುತ್ತಿದ್ದೇನೆ, ಗಾಬರಿ ಬೇಡ. ಫೋನ್ ಮಾಡಬಹುದಿತ್ತು. ಆದರೆ ಮನೆ ಬೇರೆಯಾದ ಮೇಲೆ ನಾವಿಬ್ಬರೂ ಫೋನಿನಲ್ಲಿ ಎರಡು ನಿಮಿಷ ದಾಟಿದ್ದು ನನಗೆ ನೆನಪಿಲ್ಲ. ಮೂರನೇ ನಿಮಿಷಕ್ಕೆ ಯಾರಾದರೊಬ್ಬರು ಕಟ್ ಮಾಡಿರುತ್ತೇವೆ. "ಹೇಳೋದನ್ನೆಲ್ಲ ಬರೆದುಕೊಡು, ಓದ್ಕೋತೀನಿ" ಎಂದು ನೀವೇ ಒಮ್ಮೆ ರೇಗಿದ್ದಿರಿ. ಆ ಮಾತನ್ನು ಈಗ ಬಳಸಿಕೊಳ್ಳುತ್ತಿದ್ದೇನೆ.

ವಿಷಯ ಇಷ್ಟು. ನಿಮ್ಮ ಆಸ್ಪತ್ರೆಯ ಸರ್ಜನ್ ಮೇಡಂ ಬರೆಯುತ್ತಿರುವ ಹೃದ್ರೋಗದ ಪಠ್ಯಪುಸ್ತಕಕ್ಕೆ ಚಿತ್ರ ಬರೆಯುತ್ತಿರುವುದು ನಾನು. ಹೃದಯದ ಸ್ಕ್ಯಾನಾದ ಎಕೋದ ಅಧ್ಯಾಯಕ್ಕೆ ಪ್ರಕರಣಗಳನ್ನು ಆರಿಸಿ ಕೊಟ್ಟವರು ನೀವು. ಕಳೆದ ಸೋಮವಾರ ಆ ಲಕೋಟೆ ನನ್ನ ಕೈಸೇರಿತು. ಒಂದು ಪೆನ್‌ಡ್ರೈವ್, ಜತೆಗೆ ಇಪ್ಪತ್ತು ಹಾಳೆ. ರೋಗಿಗಳ ಹೆಸರು ತೆಗೆದು ಸಂಖ್ಯೆ ಕೊಟ್ಟಿದ್ದೀರಿ. ವಯಸ್ಸೆಷ್ಟು, ಗಂಡೋ ಹೆಣ್ಣೋ, ಏನು ತೊಂದರೆ ಎಂದು ಬಂದವರು, ಎಲ್ಲವೂ ನಿಮ್ಮ ದುಂಡಗಿನ ಅಕ್ಷರದಲ್ಲಿದೆ. ಹದಿನೇಳನೆಯದರಲ್ಲಿ ಮಾತ್ರ ಆ ಮೂರೂ ಜಾಗ ಖಾಲಿ. ಚಿತ್ರದ ಅಡಿಬರಹಕ್ಕೆ ಆ ವಿವರ ಬೇಕು. ಗುರುವಾರ ಬೆಳಗ್ಗೆ ಹತ್ತಕ್ಕೆ ಮೇಡಂಗೆ ಚಿತ್ರಗಳನ್ನು ಒಪ್ಪಿಸಬೇಕು. ಅಷ್ಟರೊಳಗೆ ತಿಳಿಸಿದರೆ ಉಪಕಾರ.

ಕಾಗದ ಇಲ್ಲಿಗೆ ಮುಗಿಯಬೇಕು. ಸಹಿ ಹಾಕಿ, ಲಕೋಟೆಗೆ ಅಂಟು ಬಳಿದು ಕೊರಿಯರ್‌ನವನಿಗೆ ಕೊಟ್ಟರೆ ಆಯಿತು.

ಹನ್ನೊಂದೂವರೆ

ಅಂಟು ಬಳಿಯಲಿಲ್ಲ. ಕಿಟಕಿ ಹತ್ತಿರ ಹೋದೆ, ಬಂದೆ, ಬ್ರಷ್ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕೆಳಗಡೆ ಬೀಗದ ಕೈ ಮಾಡುವವನ ಯಂತ್ರ ಬೆಳಗ್ಗೆಯಿಂದ ಕಿರ್ರೆನ್ನುತ್ತಿದೆ. ಬೇರೆ ದಿನ ಅದು ನನಗೆ ಕೇಳಿಸುವುದೇ ಇಲ್ಲ.

ಸುತ್ತಿ ಬಳಸಿ ಬರೆಯುವುದು ಬೇಡ. ಹದಿನೇಳನೆಯವರು ನೀವೇ.

ಊಹೆಯ ಮೇಲೆ ಹೇಳುತ್ತಿಲ್ಲ. ಮೊದಲ ಸಲ ಆ ಚಿತ್ರ ತೆರೆದಾಗ ನನಗೆ ಬಂದದ್ದು ಸಿಟ್ಟು. ಎಡಬಲ ತಿರುಗಿಹೋಗಿತ್ತು. ಬಲಕ್ಕೆ ಕಾಣಬೇಕಾದ ರಕ್ತನಾಳ ಎಡಕ್ಕಿತ್ತು. ಎದೆಯ ಮೇಲಿಡುವ ಪ್ರೋಬನ್ನು ಯಾರೋ ತಿರುಗಾಮುರುಗಾ ಹಿಡಿದಿದ್ದಾರೆ, ಹೊಸಬರಿರಬೇಕು ಅಂದುಕೊಂಡೆ. ಆ ತಪ್ಪು ಮಾಡಿದವರನ್ನು ನೀವು "ಏನಪ್ಪಾ, ಕನ್ನಡಿ ನೋಡ್ಕೊಂಡು ಬಂದ್ಯಾ?" ಎಂದು ಎಲ್ಲರೆದುರು ನೀರಿಳಿಸುವುದು ನಿಮ್ಮ ವಿಭಾಗದಲ್ಲಿ ಪ್ರಸಿದ್ಧ. ಅಂಥ ಚಿತ್ರ ನಿಮ್ಮ ಕಣ್ಣು ತಪ್ಪಿಸಿ ಪುಸ್ತಕದವರೆಗೆ ಬಂದದ್ದು ಹೇಗೆ? ಮೂಲೆಯಲ್ಲಿ ಸಮಯ ನೋಡಿದೆ. ಮಧ್ಯಾಹ್ನ ಒಂದು ನಲವತ್ತು, ಊಟದ ಹೊತ್ತು, ಮೂರನೇ ನಂಬರ್ ಕೋಣೆ. ಇಪ್ಪತ್ತಾರು ವರ್ಷಗಳಿಂದ ಆ ಹೊತ್ತಿಗೆ ಆ ಕೋಣೆಯ ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚುವವರು ಒಬ್ಬರೇ.

ಆದರೂ ಮನಸ್ಸು ಒಪ್ಪಲಿಲ್ಲ. ಎಡಗೈಯಲ್ಲಿ ಒಂದು ರಬ್ಬರ್ ತುಂಡು ಹಿಡಿದು ನನ್ನ ಎದೆಗೇ ಒತ್ತಿ ನೋಡಿಕೊಂಡೆ. ಬಲಗೈ ಯಂತ್ರದ ಗುಂಡಿಗಳ ಮೇಲೆ ಇರಲೇಬೇಕಲ್ಲ. ಮಣಿಕಟ್ಟು ತಾನಾಗಿ ಹೊರಳಿತು. ತನ್ನ ಎದೆಯನ್ನು ತಾನೇ ನೋಡಿಕೊಳ್ಳಲು ಹೋದವರ ತಪ್ಪು ಅದು, ಹೊಸಬರದ್ದಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿದ್ದ ಗಾದೆ ನೆನಪಾಯಿತು. ನಗು ಬರಲಿಲ್ಲ.

ನಂತರ ಅಳತೆಗಳನ್ನು ನೋಡಿದೆ.

ಮದುವೆಯಾದ ಹೊಸದರಲ್ಲಿ ನೀವು ಊಟದ ಮೇಜಿನ ಮೇಲೆ ಲೋಟ, ಚಮಚ ಜೋಡಿಸಿ ಪಾಠ ಮಾಡಿದ್ದು ನನಗೆ ಅಕ್ಷರಶಃ ನೆನಪಿದೆ. "ಹೃದಯದ ಕವಾಟ ಅಂದ್ರೆ ಬಾಗಿಲು. ಅದು ಕಿರಿದಾದಷ್ಟೂ ರಕ್ತ ಜೋರಾಗಿ ನುಗ್ಗುತ್ತೆ. ಆ ವೇಗ ಅಳೀಬೇಕು. ಪೊಲೀಸರು ರಸ್ತೇಲಿ ಗಾಡಿ ವೇಗ ಹಿಡೀತಾರಲ್ಲ, ಹಾಗೆ. ಎದುರಿಗೆ ನಿಂತು ಹಿಡಿದ್ರೆ ನಿಜ ಸಿಗುತ್ತೆ. ಓರೆಯಾಗಿ ಹಿಡಿದ್ರೆ ಕಡಿಮೆ ತೋರಿಸುತ್ತೆ. ಅದಕ್ಕೇ, ಹತ್ತು ಸಲ ಅಳೆದ್ರೆ ಸಿಕ್ಕಿದ್ದರಲ್ಲಿ ದೊಡ್ಡದೇ ನಿಜ. ತಿಳೀತಾ, ಬಣ್ಣದ ಡಬ್ಬಿ?" ನಾನು ಚಿತ್ರಗಾರ್ತಿ, ನನಗ್ಯಾಕೆ ಈ ಉಸಾಬರಿ ಎಂದರೆ, ಗೊತ್ತಿಲ್ಲದೆ ಬರೆದ ಚಿತ್ರ ಸುಳ್ಳು ಹೇಳುತ್ತದೆ ಎಂದಿದ್ದಿರಿ.

ಸೆಕೆಂಡಿಗೆ ನಾಲ್ಕು ಮೀಟರ್ ದಾಟಿದರೆ ತೀವ್ರ, ಆಪರೇಷನ್ ಮಾತು. ನಾಲ್ಕರ ಒಳಗಿದ್ದರೆ ಮಧ್ಯಮ, ಕಾದು ನೋಡುವುದು. ಹದಿನೇಳರಲ್ಲಿ ಒಂದೇ ವೇಗವನ್ನು ಹನ್ನೊಂದು ಸಲ ಅಳೆಯಲಾಗಿದೆ. ಬೇರೆ ಯಾವ ರೋಗಿಗೂ ನೀವು ಮೂರಕ್ಕಿಂತ ಹೆಚ್ಚು ಸಲ ಅಳೆದದ್ದಿಲ್ಲ. ನಾಲ್ಕು ಪಾಯಿಂಟ್ ಆರು, ನಾಲ್ಕು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಐದು, ಮತ್ತೆ ಆರು. ಹೀಗೆ ಹತ್ತು. ಹನ್ನೊಂದನೆಯದು ಮೂರು ಪಾಯಿಂಟ್ ಒಂಬತ್ತು. ಅಲ್ಲಿಗೆ ಅಳೆಯುವುದನ್ನು ನಿಲ್ಲಿಸಿದ್ದೀರಿ. ಹಾಳೆಯ ಮೇಲೆ ಅದನ್ನೇ ಬರೆದು ಪಕ್ಕದಲ್ಲಿ "ಮಧ್ಯಮ" ಎಂದು ಷರಾ ಹಾಕಿದ್ದೀರಿ.

ಮೇಷ್ಟ್ರೇ, ಬೇರೆ ಯಾರಾದರೂ ಹೀಗೆ ಬರೆದಿದ್ದರೆ ನೀವು ಅವರನ್ನು ಕೋಣೆಯಿಂದ ಆಚೆ ಕಳಿಸುತ್ತಿದ್ದಿರಿ.

ಮಧ್ಯಾಹ್ನ ಎರಡು

ಊಟಕ್ಕೆ ಕುಳಿತೆ, ಸೇರಲಿಲ್ಲ. ಮಗಳಿಗೆ ಫೋನ್ ಮಾಡಿದೆ. ಪಾಠ ಮಾಡುವ ಸ್ಕೂಲಿನಲ್ಲಿದ್ದಳು, ಮುಂದಿನ ಪೀರಿಯಡ್ ಬಿಡುವು ಅಂದಳು. ಏನನ್ನೂ ಹೇಳದೆ, ಭಾನುವಾರ ಅಪ್ಪನ ಮನೆಗೆ ಹೋಗಿದ್ದೆಯಲ್ಲ, ಹೇಗಿದ್ದಾರೆ ಎಂದಷ್ಟೇ ಕೇಳಿದೆ. ಅವಳು ನಕ್ಕಳು. "ಅಪ್ಪ ಈಗ ನೋಟಿಸ್ ಓದೋ ಹುಚ್ಚು ಹಿಡಿಸ್ಕೊಂಡಿದ್ದಾರೆ ಅಮ್ಮ. ಪ್ರತಿ ಮಹಡಿ ತಿರುವಲ್ಲೂ ನಿಂತು ನೀರಿನ ಟ್ಯಾಂಕ್ ತೊಳೆಯೋ ನೋಟಿಸ್ ಓದ್ತಾರೆ. ಟ್ಯಾಂಕ್ ತೊಳೆದು ಎರಡು ತಿಂಗಳಾಯ್ತು!" ಅಂದಳು. ಹಣೆಯ ಮೇಲೆ ಒಂದು ಗಾಯವಂತೆ, ಬಚ್ಚಲಲ್ಲಿ ಸೋಪು ಜಾರಿತಂತೆ. "ಸೋಪಿಗೂ ಅಪ್ಪನಿಗೂ ಯಾವಾಗಿಂದ ಜಗಳ?" ಎಂದು ಕೇಳಿದಳು. ಕುಕ್ಕರ್ ಕೂಗಿತು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಸೋಪು ಜಾರಿಲ್ಲ. ತಲೆ ಸುತ್ತಿ ಬಿದ್ದಿದ್ದೀರಿ. ಆ ಅಧ್ಯಾಯದ ಕರಡು ನನ್ನ ಮೇಜಿನ ಮೇಲೇ ಇದೆ. ಈ ಕವಾಟ ಕಿರಿದಾದವರು ಮೆಟ್ಟಿಲು ಹತ್ತುವಾಗ ಏದುಸಿರು ಬಿಡತೊಡಗಿದರೆ, ತಲೆ ಸುತ್ತಿ ಬೀಳತೊಡಗಿದರೆ, ಕವಾಟ ಬದಲಿಸದಿದ್ದಲ್ಲಿ ಹೆಚ್ಚಿನವರಿಗೆ ಉಳಿದಿರುವುದು ಎರಡು ಮೂರು ವರ್ಷ ಎಂದು ಮೇಡಂ ಬರೆದಿದ್ದಾರೆ. ಬದಲಿಸಿದರೆ ಬಹುಪಾಲು ಜನ ಮೊದಲಿನ ಹಾಗೆ ಓಡಾಡುತ್ತಾರೆ ಎಂದೂ ಬರೆದಿದ್ದಾರೆ. ಇದು ನಿಮಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ. ಆದರೂ ಬರೆದಿದ್ದೇನೆ. ಎರಡನೆಯ ವಾಕ್ಯವನ್ನು ಇನ್ನೊಮ್ಮೆ ಓದಿ.

ನಿಮ್ಮ ತಪ್ಪನ್ನೇ ಎತ್ತಿ ಆಡುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನದೂ ಇದೆ. ಎಂಟು ದಿನಗಳಿಂದ ನಾನು ನಿಮ್ಮ ಕವಾಟ ಬರೆಯುತ್ತಿದ್ದೇನೆ. ಎಲ್ಲರಿಗೂ ಮೂರು ಎಸಳು ಇರುವ ಜಾಗದಲ್ಲಿ ನಿಮಗೆ ಎರಡೇ. ಹುಟ್ಟಿದಾಗಿನಿಂದ ಹಾಗೇ ಇರಬೇಕು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ನನಗೆ ಗೊತ್ತಾಗಿರಲಿಲ್ಲ. ಆ ಎರಡಕ್ಕೂ ಅಂಚಿನಲ್ಲಿ ಸುಣ್ಣ ಕಟ್ಟಿದೆ. ತೆರೆದಾಗ ಮೀನಿನ ಬಾಯಿಯಷ್ಟು ಸಂದು. ಅದನ್ನು ಏಳು ಸಲ ಬರೆದೆ. ಪ್ರತಿ ಸಲ ಮುಗಿಸಿ ಸ್ಕೇಲ್ ಇಟ್ಟು ನೋಡಿದರೆ ಸಂದು ಇರಬೇಕಾದ್ದಕ್ಕಿಂತ ಅಗಲ. ಒಮ್ಮೆ ಎರಡು ಮಿಲಿಮೀಟರ್, ಇನ್ನೊಮ್ಮೆ ಮೂರು. ಕಿರಿದು ಮಾಡಿದ್ದು ಒಮ್ಮೆಯೂ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಕೈ ಹೀಗೆ ಮೋಸ ಮಾಡಿರಲಿಲ್ಲ. ನೀವು ಅಂಕಿಯನ್ನು ಇಳಿಸಿದಿರಿ, ನಾನು ಬಾಗಿಲನ್ನು ಅಗಲಿಸಿದೆ. ಯಾರಿಗೆ ಯಾರು ಬುದ್ಧಿ ಹೇಳುವುದು.

ಎಂಟನೆಯದು ಸರಿಯಾಗಿದೆ. ಇಂದು ಬೆಳಗ್ಗೆ ಮುಗಿಯಿತು. ಮುಗಿದ ಮೇಲೆಯೇ ಈ ಕಾಗದಕ್ಕೆ ಕುಳಿತದ್ದು.

ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಈ ಚಿತ್ರ ಲಕೋಟೆಗೆ ಸೇರಿದ್ದು ಕೈತಪ್ಪಿಯೋ, ಬೇಕೆಂದೋ? ಎರಡೆಸಳಿನ ಕವಾಟಕ್ಕೆ ನಿಮ್ಮ ಆಸ್ಪತ್ರೆಯಲ್ಲಿ ಬರವಿಲ್ಲ. ಚಿತ್ರ ಬರೆಯುವವಳು ನಾನೆಂದು ನಿಮಗೆ ಗೊತ್ತು. ತಿರುಗಿದ ಚಿತ್ರ ಕಂಡರೆ ಬಿಡುವವಳಲ್ಲ ಎಂದೂ ಗೊತ್ತು. ನೀವು ಕಾಗದ ಬರೆಯುವ ಜಾತಿಯವರಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ನನಗೆ ನಿಮ್ಮಿಂದ ಬಂದ ಬರಹವೆಂದರೆ ಫ್ರಿಜ್ ಮೇಲೆ ಅಂಟಿಸುತ್ತಿದ್ದ "ಹಾಲು ಕಾಯಿಸಿದೆ" ಎಂಬ ಚೀಟಿ. ಹಾಗಾಗಿ ಇದನ್ನು ನಿಮ್ಮ ಕಾಗದ ಎಂದೇ ತಿಳಿದು ಉತ್ತರ ಬರೆಯುತ್ತಿದ್ದೇನೆ. ಅಲ್ಲದಿದ್ದರೆ ಅಲ್ಲ ಎನ್ನಿ, ನನಗೇನೂ ಬೇಜಾರಿಲ್ಲ. ಇದೆ, ಆದರೂ ಎನ್ನಿ.

ಸಂಜೆ ನಾಲ್ಕೂವರೆ

ನಮ್ಮಪ್ಪನ ವಿಷಯ ಎತ್ತದೆ ಈ ಕಾಗದ ಮುಗಿಸಬೇಕೆಂದಿದ್ದೆ. ಆಗುವುದಿಲ್ಲ. ನಾವು ಬೇರೆಯಾದದ್ದೇ ಆ ಎಕೋದಿಂದ.

ಕಾಲು ಊದಿಕೊಂಡಿದೆ ಎಂದು ಅಪ್ಪ ನಿಮ್ಮ ಹತ್ತಿರ ಬಂದರು. ನೀವು ನೋಡಿದಿರಿ. ಸಂಜೆ ಮನೆಗೆ ಬಂದು, ನಾನು ಕೇಳುವ ಮೊದಲೇ, "ವಯಸ್ಸಿಗೆ ತಕ್ಕ ಹಾಗಿದೆ, ಏನೂ ಇಲ್ಲ, ಮಾತ್ರೆ ಕೊಟ್ಟಿದ್ದಾರೆ" ಅಂದಿರಿ. ನಾಲ್ಕು ತಿಂಗಳಿಗೆ ಅಪ್ಪ ಹೋದರು. ಹೃದಯ ರಕ್ತ ಒತ್ತುವ ಶಕ್ತಿ ಶೇಕಡ ಇಪ್ಪತ್ತಕ್ಕೆ ಇಳಿದಿತ್ತೆಂದು, ಅದನ್ನು ನನಗೆ ಹೇಳಕೂಡದೆಂದು ಅಪ್ಪನೇ ನಿಮ್ಮಿಂದ ಭಾಷೆ ತೆಗೆದುಕೊಂಡಿದ್ದರೆಂದು ನೀವು ಬಾಯಿ ಬಿಟ್ಟದ್ದು ಎಲ್ಲ ಮುಗಿದ ಮೇಲೆ. "ಊರವರ ಹೃದಯಕ್ಕೆಲ್ಲ ರಿಪೋರ್ಟ್ ಬರೀತೀರಿ, ನನಗೊಂದು ನಿಜ ಹೇಳೋಕೆ ನಾಲಿಗೆ ಏಳಲಿಲ್ವಾ? ಗೊತ್ತಿದ್ದಿದ್ರೆ ಆ ನಾಲ್ಕು ತಿಂಗಳು ಅವರ ಹತ್ರ ಕೂತಿರ್ತಿದ್ದೆ" ಅಂದೆ. ನೀವು ಕನ್ನಡಕ ಒರೆಸುತ್ತಾ ನಿಂತಿರಿ. ತಿಂಗಳೊಳಗೆ ನಾನು ಲೈಟ್ ಬಾಕ್ಸು, ಬಣ್ಣ ಕಟ್ಟಿಕೊಂಡು ಈ ಮನೆಗೆ ಬಂದೆ. ಬಂಧುಗಳು ಕೇಳಿದರೆ ಒಂದೇ ಉತ್ತರ ಕೊಟ್ಟೆ, ಸುಳ್ಳು ಹೇಳುವವರ ಜತೆ ಬಾಳಲಾರೆ ಎಂದು.

ಈಗ ಕೆಲಸದ ಮಾತು. ಗುರುವಾರ ಹತ್ತು ಗಂಟೆಗೆ ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಕಂಕುಳಲ್ಲಿ ಚಿತ್ರಗಳ ಕಡತ ಇರುತ್ತದೆ. ಮೇಡಂಗೆ ಇನ್ನೂ ಏನೂ ಹೇಳಿಲ್ಲ. ಅವರ ಕೋಣೆ ನಿಮ್ಮ ಮೂರನೇ ನಂಬರಿನಿಂದ ನಲವತ್ತು ಹೆಜ್ಜೆ, ಮೆಟ್ಟಿಲಿಲ್ಲ, ಓದಲು ನೋಟಿಸೂ ಇಲ್ಲ. ಬಂದು ಆ ಮೂರು ಖಾಲಿ ಜಾಗಗಳನ್ನು ನಿಮ್ಮ ಕೈಯಿಂದಲೇ ತುಂಬಿ. ವಯಸ್ಸು ಐವತ್ತನಾಲ್ಕು, ಗಂಡು, ಮೆಟ್ಟಿಲು ಹತ್ತಿದರೆ ಏದುಸಿರು. "ಮಧ್ಯಮ" ಎಂಬುದನ್ನು ಹೊಡೆದುಹಾಕಿ. ನಂತರ ನಾವಿಬ್ಬರೂ ಒಳಗೆ ಹೋಗೋಣ. ಹದಿನೆಂಟನೇ ಚಿತ್ರ ಬದಲಿಸಿದ ಕವಾಟದ್ದು. ಅದೊಂದಕ್ಕೆ ಮೇಡಂ ಹತ್ತಿರ ಹೆಚ್ಚು ಸಮಯ ಕೇಳುತ್ತೇನೆ, ಇನ್ನೂ ಶುರು ಮಾಡಿಲ್ಲ. ಮಾದರಿಗಾಗಿ ಕಾಯುತ್ತಿದ್ದೇನೆ.

ಹತ್ತೂವರೆಯಾದರೂ ನೀವು ಬರದಿದ್ದರೆ ಮೂರನೇ ನಂಬರಿನ ಬಾಗಿಲು ತಟ್ಟುವವಳು ನಾನೇ. ನಿಮ್ಮ ಶಿಷ್ಯರೆಲ್ಲ ನೋಡಲಿ. ನನ್ನ ಗಂಟಲು ಎಷ್ಟು ದೊಡ್ಡದೆಂದು ನಿಮಗೆ ಗೊತ್ತು.

ಅಲ್ಲಿಯವರೆಗೆ ಲಿಫ್ಟ್‌ನಲ್ಲೇ ಹೋಗಿ. ಕೆಟ್ಟಿದ್ದರೆ ಪ್ರತಿ ನೋಟಿಸನ್ನೂ ಎರಡೆರಡು ಸಲ ಓದಿ.

ಇಂತಿ,
ಬಣ್ಣದ ಡಬ್ಬಿ

ತಾ.ಕ.: ಮರೆತು ಬಿಟ್ಟದ್ದಲ್ಲ, ಬೆಳಗ್ಗೆಯಿಂದ ಬರೆಯಲು ಹೆದರಿದ್ದು. ಅಪ್ಪನ ಎಕೋ ಆದ ಆ ಸಂಜೆ ನೀವು ಮುಖ ತೊಳೆಯಲು ಹೋದಾಗ ಪೆನ್ನಿಗೆಂದು ನಿಮ್ಮ ಬ್ಯಾಗಿಗೆ ಕೈ ಹಾಕಿದ್ದೆ. ರಿಪೋರ್ಟ್ ಸಿಕ್ಕಿತು. ಓದಿದೆ. ಇಪ್ಪತ್ತು ಅಂದರೆ ಏನೆಂದು ನೀವೇ ಕಲಿಸಿದ್ದಿರಿ. ಇದ್ದ ಹಾಗೇ ಮಡಚಿಟ್ಟು ಅಡುಗೆ ಮನೆಗೆ ಹೋಗಿ, ನೀವು "ಏನೂ ಇಲ್ಲ" ಅನ್ನಲಿ ಎಂದು ಕಾದೆ. ನೀವು ಅಂದಿರಿ, ನಾನು ನಂಬಿದೆ. ಆ ನಾಲ್ಕು ತಿಂಗಳು ಅಪ್ಪನ ಹತ್ತಿರ ಕೂರದೆ ಇದ್ದದ್ದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಕೂರಲು ಧೈರ್ಯ ಇರಲಿಲ್ಲ ಎಂದು. ಮೂರು ವರ್ಷ ಅದನ್ನು ನಿಮ್ಮ ತಲೆಗೆ ಕಟ್ಟಿದೆ. ಈ ಸಲ ಮಡಚಿಡುವುದಿಲ್ಲ. ನಿಮ್ಮ ಚಿತ್ರ ನೋಡಿದ್ದೇನೆ, ಹನ್ನೊಂದೂ ಅಳತೆ ಓದಿದ್ದೇನೆ. ಸಿಕ್ಕಿದ್ದರಲ್ಲಿ ದೊಡ್ಡದೇ ನಿಜ. ನಾಲ್ಕು ಪಾಯಿಂಟ್ ಎಂಟು.