ರೋಗ ಬಂದರೆ ರೊಕ್ಕ

28 ಮಾರ್ಚ್ 2024, ಮಧ್ಯಾಹ್ನ

ಕ್ಲಿನಿಕ್ಕಿನಲ್ಲಿ ನೂಕುನುಗ್ಗಲು. ಕೌಂಟರಿನಲ್ಲಿ ನಾನು, ಒಳಗೆ ಹಲ್ಲು ಕೀಳುತ್ತ ಇವರು. ಮಾರ್ಚ್ ಕೊನೆಯಾದ್ದರಿಂದ ಪಾಲಿಸಿ ಏಜೆಂಟ್ ಯಲ್ಲೇಶ್ ಹಾಜರು. ವರ್ಷವೂ ಇದೇ ಕಥೆ. ಟ್ಯಾಕ್ಸ್ ನೆನಪಾಗುವುದೇ ಈ ವಾರ. ಒಂದು ಹಲ್ಲಿಗೂ ಇನ್ನೊಂದು ಹಲ್ಲಿಗೂ ನಡುವೆ ಗ್ಲೌಸ್ ತೆಗೆದು ಇವರ ಸಹಿ. ಊರವರ ಬಾಯಿ ಬಿಡಿಸಿ ನೋಡುವವರು ಫಾರ್ಮ್ ಬಿಡಿಸಿ ನೋಡುವುದಿಲ್ಲ.

ಈ ಸಲ ಬೇರೆಯದು ತಂದಿದ್ದ.

"ಮೇಡಂ, ಇದು ಭಾಳ ಮುಖ್ಯ ಐತ್ರಿ. ಸಾಹೇಬ್ರಿಗೆ ದೊಡ್ಡ ಕಾಯಿಲೆ ಬಂದು ಕೆಲಸ ನಿಂತ್ರ ಒಮ್ಮೆಲೆ ರೊಕ್ಕ ಕೊಡ್ತಾರ. ಮನೀಗೆ ದುಡಿಯೋ ಕೈ ಅದೊಂದೇ ಅಲ್ರೀ."

"ಕಾಯಿಲೆ ಬರ್ಲಿಲ್ಲ ಅಂದ್ರ?"

"ಕಟ್ಟಿದ್ದು ವಾಪಸ್ ಬರಂಗಿಲ್ರಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ರೋಗ ಬಂದರೆ ರೊಕ್ಕ, ಬರದಿದ್ದರೆ ಕಿಸೆ ಚೊಕ್ಕ!" ಕಾಯುತ್ತಿದ್ದ ಪೇಷೆಂಟುಗಳು ದವಡೆ ಹಿಡಿದುಕೊಂಡೇ ನಕ್ಕರು. ಒಳಗಿನಿಂದ ಇವರೂ. ಯಲ್ಲೇಶ್ ಫಾರ್ಮ್ ಮಡಚಿದ. ಹಣ ವಾಪಸ್ ಬರುವ ಪಾಲಿಸಿಯನ್ನೇ ತೆಗೆದೆವು, ಅದು ಒಂಬತ್ತನೆಯದು. ಕನ್ನಡ ಬಿ.ಎ. ಮಾಡಿದ್ದಕ್ಕೆ ಇಷ್ಟಾದರೂ ಉಪಯೋಗ.

4 ನವೆಂಬರ್ 2024

ಎರಡನೇ ಡೆಂಟಲ್ ಚೇರ್ ಬಂತು. ಬ್ಯಾಂಕ್ ಸಾಲದ್ದು. ಮಗಳು ಶ್ರೀಲಕ್ಷ್ಮೀಗೆ ಬಿಡಿಎಸ್ ಸೀಟು, ಮ್ಯಾನೇಜ್‌ಮೆಂಟ್ ಕೋಟಾ. ಅದೂ ಸಾಲದ್ದೇ. ಓದು ಮುಗಿಸಿ ಬಂದು ಆ ಚೇರಿನ ಪಕ್ಕ ನಿಲ್ಲುತ್ತಾಳೆ. ಅಲ್ಲಿಯವರೆಗೆ ಎರಡೂ ಕಂತು ಇವರ ಬಲಗೈಯ ಪಾಲು.

11 ಫೆಬ್ರವರಿ 2025

ಟೀ ಕುಡಿದು ಕೂತಾಗ ಇವರ ಬಲ ಹೆಬ್ಬೆರಳು ತನ್ನಷ್ಟಕ್ಕೆ ಅದುರುತ್ತಿತ್ತು. ಕೆಲಸ ಜಾಸ್ತಿಯಾಗಿದೆ, ಅಷ್ಟೇ ಅಂದರು.

"ನಿಮ್ಮ ಗೆಳೆಯ ಈಶ್ವರ್ ಡಾಕ್ಟರಿಗೆ ತೋರಿಸ್ರಿ."

"ಅಂವ ನನ್ನ ಹತ್ರ ಫೀಸ್ ತಗೊಳಂಗಿಲ್ಲ. ಸುಮ್ನ ಹೋಗಿ ಅವನ ಟೈಮ್ ಯಾಕ ಕೆಡಿಸ್ಬೇಕು?"

ಈ ಊರಿನ ಡಾಕ್ಟರುಗಳ ಮರ್ಯಾದೆ ಇದು. ಒಬ್ಬರಿಗೊಬ್ಬರು ಬಿಲ್ ಮಾಡುವುದಿಲ್ಲ. ಆ ಸಂಕೋಚಕ್ಕೇ ಒಬ್ಬರ ಹತ್ತಿರ ಒಬ್ಬರು ಹೋಗುವುದೂ ಇಲ್ಲ. ಡ್ರಾಯರಿನಲ್ಲಿದ್ದ ಸ್ಯಾಂಪಲ್ ವಿಟಮಿನ್ ನುಂಗಿ ಮಲಗಿದರು.

2 ಸೆಪ್ಟೆಂಬರ್ 2025

ಬಹಳ ದಿನ ಬರೆಯಲಿಲ್ಲ. ವಿಟಮಿನ್ ನಾಟಲಿ ಎಂದು ಕಾಯುತ್ತಿದ್ದೆ.

ಇಂದು ವಡ್ಡು ಹಳ್ಳಿಯ ತಾಯಕ್ಕ ಚೇರಿನಲ್ಲಿ ಬಾಯಿ ತೆರೆದವಳು ಹಾಗೇ ಮುಚ್ಚಿದಳು. "ಡಾಕ್ಟ್ರೇ, ನನ್ ಹಲ್ಲು ಅಳ್ಳಾಡ್ತೈತಂತ ಬಂದ್ರ, ನಿಮ್ ಕೈಯೇ ಅಳ್ಳಾಡ್ತೈತಲ್ರೀ!"

ಯಾರೂ ನಗಲಿಲ್ಲ.

ಸಂಜೆ ಈಶ್ವರ್ ಮನೆಗೆ. ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು. ಪಾರ್ಕಿನ್ಸನ್ಸ್. ಕಾಫಿ ಕೊಟ್ಟರು. ಚೀಟಿ ಬರೆಯಲಿಲ್ಲ, ಫೈಲ್ ಮಾಡಲಿಲ್ಲ — ಸ್ನೇಹಿತನಿಗೆ ಎಂಥ ಫೈಲ್? "ಹಲ್ಲು ಕೀಳೂದು ನಿಲ್ಸಲೇ, ವಾಸು," ಅಂದರಷ್ಟೇ.

ಅಂದು ಹಾಗೆ ಪ್ರಾಸ ಹೊಸೆಯಬಾರದಿತ್ತು. ನಾಲ್ಕು ಜನ ನಕ್ಕರು ಅಂತ ಮನೆಯ ನಿರ್ಧಾರವನ್ನೇ ಮುಗಿಸಿಬಿಟ್ಟೆ. ಯಲ್ಲೇಶ್ ಇನ್ನೂ ಎರಡು ಮಾತು ಹೇಳುವವನಿದ್ದ. ಬಿಡಲಿಲ್ಲ...

5 ಸೆಪ್ಟೆಂಬರ್

ಯಲ್ಲೇಶನಿಗೆ ಫೋನ್. ಆ ಕಾಯಿಲೆಯ ಪಾಲಿಸಿ ಈಗ ಸಿಗುತ್ತದೆಯೇ?

"ರಕ್ತ, ಇಸಿಜಿ ನೋಡ್ತಾರ್ರಿ. ಉಳಿದದ್ದು ಫಾರ್ಮಿನಾಗ ನೀವು ಬರೆದಿದ್ದೇ, ಮೇಡಂ. ಸಾಹೇಬ್ರು ಆರಾಮ್ ಅದಾರಲ್ರೀ?"

"ಆರಾಮ್," ಅಂದೆ. ಎಷ್ಟು ಸಲೀಸಾಗಿ ಬಂತು!

ಎಲ್ಲಿಯೂ ಒಂದು ಕಾಗದವಿಲ್ಲ. ಕಾಗದವಿಲ್ಲದ ಕಾಯಿಲೆ ಕಾಯಿಲೆಯೇ ಅಲ್ಲ — ಹೀಗೆ ಯೋಚಿಸುತ್ತಿರುವವಳು ನಾನೇ. ಮಗಳ ಫೀಸು ಇನ್ನೂ ಮೂರು ವರ್ಷ.

7 ಸೆಪ್ಟೆಂಬರ್, ಬೆಳಿಗ್ಗೆ

ಫಾರ್ಮ್ ನಾನೇ ತುಂಬಿದೆ. ವಯಸ್ಸು ಐವತ್ತೆರಡು. ಸಕ್ಕರೆ, ಇಲ್ಲ. ಬಿಪಿ, ಇಲ್ಲ. ನರದ ತೊಂದರೆ, ನಡುಕ... ಪೆನ್ ನಿಂತಿತು. ಇವರು ಸಂಧ್ಯಾವಂದನೆ ಮುಗಿಸಿ ಬಂದು ಎದುರು ಕೂತರು.

"ಇಲ್ಲ ಅಂತ ಹಾಕಲೇನ್ರೀ? ಯಾರಿಗೂ ಗೊತ್ತಾಗಂಗಿಲ್ಲ."

"ಈಶ್ವರಗ ಗೊತ್ತದ. ಮುಂದ ರೊಕ್ಕ ಕೇಳೂ ಮುಂದ ಡಾಕ್ಟರ್ ಸರ್ಟಿಫಿಕೇಟ್ ಅವನೇ ಕೊಡಬೇಕು. ಅವನ ಕಡಿಂದ ಸುಳ್ಳು ಬರೆಸ್ತೀಯೇನು, ಶುಭಾ?"

"ಶ್ರೀಲಕ್ಷ್ಮೀ ಓದು?"

ನನ್ನ ಕೈಯಿಂದ ಪೆನ್ ತೆಗೆದುಕೊಂಡರು. ಚೌಕ ಸಣ್ಣದು, ಕೈ ನಿಲ್ಲದು. ಎರಡು ಸಲ ಗೆರೆ ಹೊರಗೆ ಹೋಯಿತು. ನಾನು ಹಿಡಿಯಲೇ ಅಂದೆ. "ಬ್ಯಾಡ." ಎಡಗೈಯಿಂದ ಬಲ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, 'ಹೌದು' ಎದುರಿನ ಚೌಕದಲ್ಲಿ ಗುರುತು ಹಾಕಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, ಇನ್ನು ಸಿಗಲಾರದ ಪಾಲಿಸಿಯ ಆ ಫಾರ್ಮನ್ನು ನನ್ನತ್ತ ಸರಿಸಿದರು.