ಮೊಟ್ಟೆಯ ಸ್ಯಾಂಡ್‌ವಿಚ್

ಮೋರ್ಲಿ, ಪರ್ತ್
೧೪ ಜುಲೈ ೨೦೨೪

ಪ್ರೀತಿಯ ಅಣ್ಣಾ,

ಅಡಿಲೇಡಿನ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿಲ್ಲವೆಂದು ನಂಬಿದ್ದೇನೆ. ದೇವಕಿ ಅತ್ತಿಗೆಗೆ ನಮಸ್ಕಾರ. ನನ್ನ ಆರೋಗ್ಯದ ವಿಷಯವನ್ನು ಕ್ರಮವಾಗಿ ಬರೆಯುತ್ತೇನೆ. ಎಂಜಿನಿಯರನಿಗೆ ಬೇರೆ ರೀತಿ ತಿಳಿಯದು.

೧. ಎರಡು ವರ್ಷಗಳಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಬೆಳಗಿನ ಉಪ್ಪಿಟ್ಟು ಸಂಜೆಯ ವಾಂತಿಯಲ್ಲಿ ಹಾಗೆಯೇ ಬರುತ್ತಿತ್ತು.

೨. ಇನ್ಸುಲಿನ್ ತೆಗೆದುಕೊಂಡು ಉಂಡರೆ ಸಕ್ಕರೆ ಮೊದಲು ಕುಸಿಯುತ್ತಿತ್ತು, ಬಹಳ ಹೊತ್ತಿನ ಮೇಲೆ ಏರುತ್ತಿತ್ತು.

೩. ನೀನು ಫೋನಿನಲ್ಲೇ ಗ್ಯಾಸ್ಟ್ರಿಕ್ ಎಂದೆ; ಇನ್ಸುಲಿನ್ ಹೆಚ್ಚಿಸಿದೆ. ಮನೆಯಲ್ಲೇ ಡಾಕ್ಟರ್ ಇರುವಾಗ ಇನ್ನೊಬ್ಬರನ್ನು ಕೇಳುವುದು ನಮ್ಮಲ್ಲಿ ಅವಮರ್ಯಾದೆ. ನಾನು ಕೇಳಲಿಲ್ಲ.

೪. ಮೇ ತಿಂಗಳಲ್ಲಿ ಜೂಂಡಲಪ್‌ನಿಂದ ಮರಳುವಾಗ ಕಾರು ಓಡಿಸುತ್ತಲೇ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿತು. ಕಾರು ತಡೆಗಂಬಿಗೆ ಉಜ್ಜಿಕೊಂಡು ನಿಂತಿತು. ಪಕ್ಕದಲ್ಲಿ ಅಪರ್ಣಾ ಇದ್ದಳು.

ಆಸ್ಪತ್ರೆಯ ವೈದ್ಯೆ ಮೊದಲು ಎಂಡೋಸ್ಕೋಪಿ ಮಾಡಿಸಿದರು. ಒಳಗೆ ಅಡ್ಡಿ ಏನೂ ಇರಲಿಲ್ಲ. ಆಮೇಲೆ ಅತ್ಯಲ್ಪ ವಿಕಿರಣದ ಪದಾರ್ಥ ಬೆರೆಸಿದ ತಿಂಡಿ ಕೊಟ್ಟು, ಹೊಟ್ಟೆಯ ಚಿತ್ರಗಳನ್ನು ಬಿಟ್ಟುಬಿಟ್ಟು ತೆಗೆದರು. ನಾಲ್ಕು ಗಂಟೆಯ ನಂತರವೂ ಹೆಚ್ಚುಕಡಿಮೆ ಅರ್ಧ ಅಲ್ಲೇ ಇತ್ತು. ಸಕ್ಕರೆ ಕಾಯಿಲೆಯಿಂದ ಜಠರದ ನರಗಳು ಸೋತಿವೆಯಂತೆ. ಆಗಲೂ ನಿನ್ನನ್ನು ದೂರಲಿಲ್ಲ. ತಪ್ಪು ಯಾರಿಂದಲಾದರೂ ಆಗುತ್ತದೆ.

ಅಂದು ಸಂಜೆ ಗಂಜಿ ಬಡಿಸುತ್ತಾ ಅಪರ್ಣಾ ಅಳತೊಡಗಿದಳು. ಕಳೆದ ದೀಪಾವಳಿಯಲ್ಲೇ ಇದೇ ಪರೀಕ್ಷೆಯ ಬಗ್ಗೆ ಎಲ್ಲೋ ಓದಿ, ನಿನಗೆ ಫೋನ್ ಮಾಡಿ ಕೇಳಿದ್ದಳಂತೆ. ನೀನು ಹೇಳಿದ್ದು ಅವಳ ಬಾಯಲ್ಲಿ ಇನ್ನೂ ಹಾಗೆಯೇ ಇದೆ: “ಅದಕ್ಕೆ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನಿಸ್ತಾರೆ ಅಪರ್ಣಾ, ವೇಣು ಮುಟ್ಟಲ್ಲ, ಬಿಡು. ಅವನು ಕದ್ದು ಸ್ವೀಟ್ ತಿಂತಾನೆ, ಅಷ್ಟೆ. ಕಾರಿನ ಡಿಕ್ಕಿ ತೆಗೆದು ನೋಡು.” ಅವಳು ತಿಂಗಳುಗಟ್ಟಲೆ ನೋಡಿದಳು. ಸಿಕ್ಕಿದ್ದು ನನ್ನ ಸ್ಪ್ಯಾನರುಗಳು.

ಮೊಟ್ಟೆ ಮುಟ್ಟದಷ್ಟು ನಿಷ್ಠನೆಂದೂ, ಹೆಂಡತಿಯ ಕಣ್ಣು ತಪ್ಪಿಸಿ ತಿನ್ನುವವನೆಂದೂ ನೀನು ನನ್ನ ಬಗ್ಗೆ ಒಂದೇ ಉಸಿರಿನಲ್ಲಿ ಹೇಳಿದೆ. ಎರಡನ್ನೂ ನನ್ನನ್ನು ಕೇಳಲಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ತಮ್ಮ,
ವೇಣುಗೋಪಾಲ

ಮರೆತ ಮಾತು: ಮೊಟ್ಟೆ ತಿನ್ನದವರಿಗೆ ಓಟ್ಸ್ ಗಂಜಿ ಕೊಡುತ್ತಾರೆ. ಒಂದು ಮಾತು ವಿಚಾರಿಸಿದ್ದರೆ ನಿನಗೂ ಹೇಳುತ್ತಿದ್ದರು. ನನಗೂ ಅದನ್ನೇ ಕೊಡುವುದಾಗಿ ಹೇಳಿದರು. ನಾನು ಮೊಟ್ಟೆಯೇ ಇರಲಿ ಎಂದೆ, ತಿಂದೆ. ಇನ್ನು ನಿನ್ನ ಹತ್ತಿರ ಔಷಧಿ ಕೇಳುವುದಿಲ್ಲ. ಗಣೇಶನ ಹಬ್ಬಕ್ಕೂ ನಾವು ಬರುವುದಿಲ್ಲ.